ಮಗ ಮಾತ್ರೆಗೆ ಬಿದ್ದಿದ್ದಾನೆ, ಏನು ಮಾಡಲಿ?

ಹಾಸನದ ಒಬ್ಬ ತಾಯಿ ಕೇಳಿದ್ದು:
ಮಗನಿಗೆ 26 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದು ಕೂತಿದ್ದಾನೆ. ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆಯ ಚಟ ಹತ್ತಿದೆ. ನನ್ನ ಎರಡು ಬಳೆ ಕಾಣುತ್ತಿಲ್ಲ. ಮನೆಯಿಂದ ಹೊರಗೆ ಹಾಕು ಅಂತಾರೆ ಯಜಮಾನರು. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಮೈಸೂರಿನ ಒಬ್ಬ ತಾಯಿ:
ಅಕ್ಕ, ನನ್ನ ಮಗನೂ ಇದೇ ಮಾತ್ರೆಗೆ ಬಿದ್ದಿದ್ದ. ಮೊದಮೊದಲು ನನಗೆ ಗೊತ್ತೇ ಆಗಲಿಲ್ಲ. ಮಾತ್ರೆ ಸಿಗದ ದಿನ ಮೂಗು ಸೋರುತ್ತಿತ್ತು, ಸುಮ್ಮಸುಮ್ನೆ ಆಕಳಿಕೆ, ಭೇದಿ. ಜ್ವರ ಇರಬೇಕು ಅಂತ ಮೆಣಸಿನ ಕಷಾಯ ಕಾಯಿಸಿ ಕೊಟ್ಟೆ. ಲೋಟ ಹಿಡಿದ ಕೈ ನಡುಗಿ ಕಷಾಯ ಚೆಲ್ಲಿತು. "ಅಮ್ಮ, 500 ರೂಪಾಯಿ ಕೊಡು, ಇದೊಂದೇ ಸಲ" ಅಂದ. ಕೊಟ್ಟೆ. ಹೊರಗೆ ಹೋಗಿ ಬಂದವನು ಏನೂ ಆಗಿಲ್ಲದವನ ಹಾಗೆ ಊಟಕ್ಕೆ ಕೂತ. ಆವತ್ತು ಅರ್ಥವಾಯಿತು.

ಅವನ ಸಾಲ ಎರಡು ಸಲ ನಾನೇ ತೀರಿಸಿದೆ. ಎರಡು ಸಲವೂ ಮತ್ತೆ ಸಾಲ. ಆಮೇಲೆ ಹೇಳಿಬಿಟ್ಟೆ: ಊಟ ಹಾಕುತ್ತೇನೆ, ಆಸ್ಪತ್ರೆಗೆ ಜೊತೆಗೆ ಬರುತ್ತೇನೆ, ಕೈಗೆ ದುಡ್ಡು ಮಾತ್ರ ಕೊಡೋದಿಲ್ಲ. ಬೈದ, ಬಾಗಿಲಿಗೆ ಒದ್ದ. ಹನ್ನೊಂದನೇ ದಿನ ಅವನೇ "ನಡಿ, ಹೋಗೋಣ" ಅಂದ.

ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವೇ ಬೇರೆ ಇದೆ. ಬ್ಯುಪ್ರೆನಾರ್ಫಿನ್ ಅನ್ನೋ ಮಾತ್ರೆ ಬರೆದರು, ನಾಲಿಗೆ ಕೆಳಗೆ ಇಡುವಂಥದ್ದು. ಒಂದು ಬಿಡಿಸಿ ಇನ್ನೊಂದಕ್ಕೆ ಹಚ್ಚುತ್ತಾರೆ ಅಂತ ನೆಂಟರು ಹೆದರಿಸಿದರು. ಹಾಗಲ್ಲ ಅಕ್ಕ. ಡಾಕ್ಟರ್ ಅಳತೆ ನೋಡಿ ಕೊಡುತ್ತಾರೆ, ಮೈಕೈ ಹಿಂಡೋದು ನಿಲ್ಲುತ್ತೆ, ಮನುಷ್ಯ ಕೆಲಸಕ್ಕೆ ಹೋಗೋ ಹಾಗಾಗುತ್ತಾನೆ. ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷಗಟ್ಟಲೆ. ನನ್ನ ಮಗ ನಡುವೆ ಎರಡು ಸಲ ಜಾರಿದ, ಮತ್ತೆ ಕರೆದುಕೊಂಡು ಹೋದೆ. ಹೊರಗೆ ಹಾಕಬೇಡಿ. ಮೇಲೆ ಕೈ ಮಾಡಿದರೆ ಆ ಮಾತು ಬೇರೆ. ಆಗ ಮೊದಲು ನಿಮ್ಮ ಜೀವ ನೋಡಿಕೊಳ್ಳಿ.

ಹುಬ್ಬಳ್ಳಿಯ ಒಬ್ಬ ತಂದೆ:
ತಂಗಿ, ನನ್ನ ತಪ್ಪು ನೀವು ಮಾಡಬೇಡಿ. ಒಂದು ಖಾಸಗಿ ಕೇಂದ್ರದವರು ರಾತ್ರಿ ಬಂದು ಮಗನನ್ನು ಎಳೆದುಕೊಂಡು ಹೋದರು. ನಾನೇ ಕರೆಸಿದ್ದೆ. ಮೂರು ತಿಂಗಳು ಮುಖ ನೋಡೋಕೂ ಬಿಡಲಿಲ್ಲ. ಮನೆಗೆ ಬಂದ ವಾರದಲ್ಲೇ ಬಚ್ಚಲುಮನೆಯಲ್ಲಿ ಬಿದ್ದಿದ್ದ, ತುಟಿ ನೀಲಿಯಾಗಿತ್ತು. 108ಕ್ಕೆ ಫೋನ್ ಮಾಡಿದೆ, ಉಳಿದ. ಬಿಟ್ಟು ಕೆಲವು ದಿನ ಆದ ಮೇಲೆ ಮೈಗೆ ಮೊದಲಿನ ತಾಳಿಕೆ ಇರೋದಿಲ್ಲವಂತೆ. ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಇದನ್ನು ಆ ಕೇಂದ್ರದವರು ಯಾರೂ ನನಗೆ ಹೇಳಲಿಲ್ಲ. ಬಚ್ಚಲಿನ ಒಳಚಿಲಕ ಆವತ್ತೇ ತೆಗೆಸಿದೆ, ಇನ್ನೂ ಹಾಕಿಸಿಲ್ಲ.

ಎಲ್ಲಿಗಾದರೂ ಸೇರಿಸುವ ಮೊದಲು ಕೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನೋಂದಣಿ ಆಗಿದೆಯಾ, ಮನೋವೈದ್ಯರು ಬರುತ್ತಾರಾ, ಮನೆಯವರನ್ನು ಭೇಟಿಗೆ ಬಿಡುತ್ತೀರಾ? ತಡವರಿಸಿದರೆ ವಾಪಸ್ ಬನ್ನಿ.

ಶಿವಮೊಗ್ಗದಿಂದ ಒಬ್ಬ ಅಕ್ಕ:
ನನ್ನ ತಮ್ಮನ ವಿಷಯದಲ್ಲಿ ಊರಿಗೆಲ್ಲ ಗೊತ್ತಾಗುತ್ತೆ ಅಂತ ಹೆದರಿ ಒಂದು ವರ್ಷ ಕಳೆದೆವು. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೇ ಇರೋ ಸಹಾಯವಾಣಿ 14446. ಮಗ ಒಪ್ಪದಿದ್ದರೂ ಪರವಾಗಿಲ್ಲ, ಮೊದಲು ನೀವೇ ಮಾತಾಡಿ. ನಮ್ಮಮ್ಮನೂ ಹಾಗೇ ಶುರು ಮಾಡಿದ್ದು, ಹಿತ್ತಲಲ್ಲಿ ನಿಂತುಕೊಂಡು.