32 ಕೋರ್ ದಾಟಿದರೆ ವೇಗ ಇಳಿಯುತ್ತಿದೆ, ಆಮ್ಡಾಲ್ ಲೆಕ್ಕಕ್ಕೆ ಸಿಗುತ್ತಿಲ್ಲ

ಪ್ರಶ್ನೆ:
ಒಂದು ಕೋರ್‌ಗೆ ಹೋಲಿಸಿದರೆ ನಮ್ಮ ಸರ್ವರ್ ಪ್ರೋಗ್ರಾಂ 8 ಕೋರ್‌ನಲ್ಲಿ 5.7 ಪಟ್ಟು, 16ರಲ್ಲಿ 8 ಪಟ್ಟು, 32ರಲ್ಲಿ 9 ಪಟ್ಟು ವೇಗವಾಗಿ ಓಡುತ್ತದೆ. 64 ಮಾಡಿದರೆ 7.8ಕ್ಕೆ ಇಳಿಯುತ್ತದೆ! ಲಾಕ್ ಹಿಡಿದು, ಅಂದರೆ ಒಂದು ಸಲಕ್ಕೆ ಒಂದೇ ಕೋರ್ ಮಾಡುವ ಕೆಲಸ ಶೇ 5 ಅಷ್ಟೇ. ಹೀಗೆ ಹಂಚಲಾಗದ ಕೆಲಸವೇ ವೇಗಕ್ಕೆ ಮಿತಿ ಹಾಕುತ್ತದೆ ಎನ್ನುವ ಆಮ್ಡಾಲ್ ನಿಯಮದ ಪ್ರಕಾರ 64 ಕೋರ್‌ಗೆ 15 ಪಟ್ಟು ಬರಬೇಕಿತ್ತು ಅಲ್ವಾ? ಕಮ್ಮಿ ಬಂದರೆ ಸರಿ, ಇಳಿಯುವುದು ಹೇಗೆ?

ಉತ್ತರ 1:
ಆಮ್ಡಾಲ್ 1967ರಲ್ಲಿ ಹೇಳಿದ ಲೆಕ್ಕದಲ್ಲಿ ಗ್ರಾಫ್ ಚಪ್ಪಟೆಯಾಗಬಹುದು, ಇಳಿಯಲು ದಾರಿಯೇ ಇಲ್ಲ. ಸರದಿಗೆ ಕಾಯುವ ಖರ್ಚು ಮಾತ್ರ ಅದರಲ್ಲಿದೆ. ಆದರೆ ಎಲ್ಲ ಕೋರ್‌ಗಳೂ ಒಂದೇ ಡೇಟಾ ಬದಲಿಸುತ್ತಿದ್ದರೆ, ಒಂದು ಬರೆದಾಗಲೆಲ್ಲ ಉಳಿದವುಗಳ ಕ್ಯಾಶ್‌ನಲ್ಲಿರುವ (ಕೋರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಪ್ರತಿ ರದ್ದಾಗಿ ಮತ್ತೆ ತರಿಸಿಕೊಳ್ಳಬೇಕಾಗುತ್ತದೆ, ಈ ಖರ್ಚು ಹೆಚ್ಚುಕಮ್ಮಿ ಕೋರ್ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ. ನೀಲ್ ಗುಂಥರ್ ಅವರ ಯೂನಿವರ್ಸಲ್ ಸ್ಕೇಲೆಬಿಲಿಟಿ ಲಾ ಅದನ್ನೂ ಸೇರಿಸುತ್ತದೆ. ಕ ಅಂದರೆ ಕೋರ್ ಸಂಖ್ಯೆ, ಆಲ್ಫಾ ಸರದಿಗೆ ಕಾಯುವ ಖರ್ಚು, ಬೀಟಾ ಈಗ ಹೇಳಿದ ಮತ್ತೆ ತರಿಸಿಕೊಳ್ಳುವ ಖರ್ಚು:

ವೇಗ = ಕ ÷ [1 + ಆಲ್ಫಾ × (ಕ−1) + ಬೀಟಾ × ಕ × (ಕ−1)]

ಆಲ್ಫಾ 0.05, ಬೀಟಾ 0.001 ಹಾಕಿ ನೋಡಿ, ನಿಮ್ಮ ನಾಲ್ಕೂ ಅಂಕಿ ಬರುತ್ತವೆ. ಗರಿಷ್ಠ ವೇಗ ಸಿಗುವುದು (1−ಆಲ್ಫಾ)/ಬೀಟಾದ ವರ್ಗಮೂಲದಲ್ಲಿ, ಅಂದರೆ ಸುಮಾರು 31 ಕೋರ್‌ಗೆ. ಸಾವಿರಕ್ಕೆ ಒಂದು ತಾನೇ ಅಂತ ಬೀಟಾವನ್ನು ಬಿಡಬೇಡಿ. 64 ಕೋರ್‌ನಲ್ಲಿ ಛೇದದಲ್ಲಿ ಅದರ ಪಾಲು 4.03, ಆಲ್ಫಾದ ಪಾಲು ಬರೀ 3.15.

ಉತ್ತರ 2:
ಸೂತ್ರ ಕೂಡಿಬಂತು ಅಂದಮಾತ್ರಕ್ಕೆ ಕಾರಣ ಸಿಕ್ಕಿದ ಹಾಗಲ್ಲ. 64 ಅಂದರೆ ನಿಜವಾದ ಕೋರ್‌ಗಳಾ, ಇಲ್ಲ 32ರ ಮೇಲೆ ಹೈಪರ್‌ಥ್ರೆಡಿಂಗಾ (ಒಂದು ಕೋರ್ ಎರಡರಂತೆ ಕಾಣುವುದು)? ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ) ಎಷ್ಟು? ಎರಡಿದ್ದರೆ 32 ದಾಟಿದ ತಕ್ಷಣ ಡೇಟಾ ಸಾಕೆಟ್‌ನಿಂದ ಸಾಕೆಟ್‌ಗೆ ಓಡಾಡಬೇಕು, ಆಗ ಬೀಟಾವೇ ಬದಲಾಗುತ್ತದೆ. ನಾಲ್ಕು ಬಿಂದು ಸಾಲದು, 24, 28, 36, 40, 48ಕ್ಕೂ ಅಳೆಯಿರಿ.

ಪ್ರಶ್ನೆ ಕೇಳಿದವರು:
ಎರಡು ಸಾಕೆಟ್, ತಲಾ 32 ನಿಜವಾದ ಕೋರ್. ಪ್ರತಿ ರಿಕ್ವೆಸ್ಟ್‌ಗೂ ಎಲ್ಲ ಥ್ರೆಡ್‌ಗಳು (ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಎಳೆಗಳು) ಒಂದೇ ಅಟಾಮಿಕ್ ಕೌಂಟರ್ (ಮಧ್ಯೆ ಬೇರೆ ಥ್ರೆಡ್ ನುಗ್ಗದಂತೆ ಏರುವ ಎಣಿಕೆ) ಏರಿಸುತ್ತವೆ. ಅದಕ್ಕೆ ಲಾಕ್ ಇಲ್ಲ, ಆದರೂ ತೊಂದರೆಯಾ?

ಉತ್ತರ 2:
ಖಂಡಿತ, ನಾನು ಮೊದಲು ನೋಡುವುದೇ ಅದನ್ನು. ಲಾಕ್ ಇಲ್ಲದಿದ್ದರೂ ಏರಿಸುವಾಗ ಆ ಕೌಂಟರ್ ಇರುವ ಕ್ಯಾಶ್ ಲೈನ್ (ಕ್ಯಾಶ್ ಒಟ್ಟಿಗೆ ತರುವ ಡೇಟಾ ತುಂಡು) ಒಂದು ಸಲಕ್ಕೆ ಒಂದೇ ಕೋರ್ ಕೈಯಲ್ಲಿರಬೇಕು. ಪ್ರತಿ ಥ್ರೆಡ್‌ಗೂ ಬೇರೆ ಕೌಂಟರ್ ಕೊಡಿ, ಒಟ್ಟು ಬೇಕಾದಾಗ ಕೂಡಿಸಿಕೊಳ್ಳಿ. ಒಂದೇ ಅರೇಯಲ್ಲಿ ಒತ್ತೊತ್ತಾಗಿ ಮಾತ್ರ ಇಡಬೇಡಿ, 8 ಬೈಟ್‌ನ ಎಂಟು ಕೌಂಟರ್ ಒಂದೇ 64 ಬೈಟ್ ಲೈನ್‌ಗೆ ಬಿದ್ದು ಮತ್ತೆ ಕಿತ್ತಾಟ ಶುರುವಾಗುತ್ತದೆ. ಆಮೇಲೆ ಪುನಃ ಅಳೆಯಿರಿ. ಬೀಟಾ ಇಳಿದು ಆಲ್ಫಾ ಹಾಗೇ ಉಳಿದರೆ ಆಗ ಲಾಕ್‌ಗೆ ಕೈ ಹಾಕಿ.