ಕಾಸರಗೋಡು ಕಡೆ ಬಿಳಿಜೋಳ, ಬ್ಯಾಡಗಿ, ಗುರೆಳ್ಳು ಎಲ್ಲಿ ಸಿಗ್ತದೆ? ಅನುಭವ ಇದ್ದವರು ಹೇಳಿ

ಕಾಞಂಗಾಡಿನಿಂದ ಬಂದ ಪ್ರಶ್ನೆ:

ನಮಸ್ಕಾರ್ರಿ. ನಾವು ಗದಗ ಜಿಲ್ಲಾದವರು. ನಮ್ಮ ಮನಿಯವರಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಾಗ ಕೆಲಸ ಆಗೇತಿ, ಕಾಞಂಗಾಡಿನಾಗ ಮನಿ ಮಾಡೇವಿ. ದೀಪಾವಳಿ ಮುಗಿಸಿಕೊಂಡು ಅತ್ತಿಯವರು ಬರಾಕತ್ತಾರ, ಸಂಕ್ರಾಂತಿ ತನಕ ಇರ್ತಾರ. ಅವರಿಗೆ ಎರಡೂ ಹೊತ್ತು ಜೋಳದ ರೊಟ್ಟಿನ ಆಗಬೇಕು. ಬಿಳಿಜೋಳ, ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು, ಅಗಸಿ, ಸಜ್ಜಿ ಇವು ಈ ಕಡೆ ಎಂಥಾ ಅಂಗಡ್ಯಾಗ ಸಿಗ್ತಾವ? ಸೂಪರ್ ಮಾರ್ಕೆಟ್ಟಿನಾಗಿಂದ ಪಾಕೀಟಿನ ಜೋಳದ ಹಿಟ್ಟು ತಂದಿದ್ದೆ, ಬಡಿಯಾಕ ಬರವಲ್ದು, ಅಂಚು ಒಡಿತಾವ. ಮಲಯಾಳಂ ನನಗ ಇನ್ನೂ ಬರಂಗಿಲ್ಲ, ಅಂಗಡ್ಯಾಗ ಏನಂತ ಕೇಳಬೇಕು ಅನ್ನೋದೂ ತಿಳಿವಲ್ದು. ಗೊತ್ತಿದ್ದವರು ದಯವಿಟ್ಟು ಹೇಳ್ರಿ.

ಬದಿಯಡ್ಕದಿಂದ:

ತಂಗೀ, ನಮ್ಮ ಸೊಸೆ ಬಾಗಲಕೋಟೆ ಕಡೆಯವಳು. ಬಂದ ಹೊಸತರಲ್ಲಿ ಕುಚ್ಚಲಕ್ಕಿ ಅನ್ನ ಅವಳಿಗೆ ಸೇರ್ತಾ ಇರಲಿಲ್ಲ. ಬೇರೆ ಊರಿನಿಂದ ಬಂದ ಹೆಣ್ಣುಮಗಳು ಊಟಕ್ಕೆ ಕೂತು ಎರಡು ತುತ್ತಿಗೆ ಎದ್ದರೆ ನೋಡುವವರಿಗೆ ಸಂಕಟ ಆಗ್ತದೆ. ಹಾಗಾಗಿ ಜೋಳ ತರಿಸುವ ಕೆಲಸ ನಾನೇ ವಹಿಸಿಕೊಂಡೆ. ಈಗ ನಮ್ಮಲ್ಲಿ ರಾತ್ರಿಗೆ ರೊಟ್ಟಿಯೇ. ನಿಮ್ಮಲ್ಲಿ ಅತ್ತೆಗೋಸ್ಕರ ಸೊಸೆ ಹುಡುಕ್ತಾ ಇದ್ದೀರಿ, ಓದಿ ತುಂಬ ಸಂತೋಷ ಆಯ್ತು.

ಮೊದಲನೇ ಮಾತು, ಹಿಟ್ಟು ಹುಡುಕಬೇಡಿ, ಕಾಳು ಹುಡುಕಿ. ಗೋಧಿಯಲ್ಲಿರುವ ಗ್ಲುಟನ್ ಜೋಳದಲ್ಲಿಲ್ಲ. ಕುದಿನೀರು ಬಿದ್ದಾಗ ಹಿಟ್ಟು ಬೆಂದು ಕೊಡುವ ಜಿಗಿಯೇ ರೊಟ್ಟಿಗೆ ಆಧಾರ. ಬೀಸಿ ತಿಂಗಳುಗಟ್ಟಲೆ ಆದ ಹಿಟ್ಟಿನಲ್ಲಿ ಆ ಜಿಗಿ ಹೋಗಿರ್ತದೆ, ಸ್ವಲ್ಪ ಕಮಟೂ ಬಂದಿರ್ತದೆ. ನಿಮ್ಮ ರೊಟ್ಟಿ ಒಡೆಯುವುದು ಕೈಯ ತಪ್ಪಲ್ಲ, ಹಿಟ್ಟಿನದ್ದು. ಈಗ ಮನೆಯಲ್ಲಿರುವ ಪ್ಯಾಕೆಟನ್ನು ಎಸೆಯಬೇಡಿ, ನುಚ್ಚಕ್ಕಿಯ ಜೊತೆ ಗಂಜಿಗೋ ದೋಸೆಗೋ ಸೇರಿಸಿ ಮುಗಿಸಿ.

ಕಾಳು ಎಲ್ಲಿ ಅಂದರೆ, ದೊಡ್ಡ ಅಂಗಡಿಗಳಿಗಿಂತ ನಿಮ್ಮ ಮನೆ ಹತ್ತಿರದ ಸಣ್ಣ ಜೀನಸಿನ ಅಂಗಡಿಯವರನ್ನು ಹಿಡಿಯಿರಿ. ಅವರಲ್ಲಿ ಜೋಳ ಇರ್ಲಿಕ್ಕಿಲ್ಲ. ಆದರೆ ಈ ಕಡೆಯ ಹೆಚ್ಚಿನ ಅಂಗಡಿಗಳಿಗೆ ಮಂಗಳೂರು ಬಂದರಿನ ಹೋಲ್‌ಸೇಲಿನವರ ಸಂಪರ್ಕ ಉಂಟು, ಅಲ್ಲಿ ಬಿಳಿಜೋಳ ಬರ್ತದೆ. ‘ಹತ್ತು ಕಿಲೋ ಬೇಕು, ಮುಂಗಡ ಕೊಡ್ತೇನೆ, ಮುಂದಿನ ಲೋಡಿನಲ್ಲಿ ತರಿಸಿ’ ಅಂತ ಗಟ್ಟಿಯಾಗಿ ಹೇಳಿ. ಮುಂಗಡ ಕೊಟ್ಟ ಮೇಲೆ ಅವರಿಗೂ ಧೈರ್ಯ. ಎರಡು ಸಲ ತರಿಸಿ ಮಾರಿಹೋಯಿತು ಅಂದರೆ ಮೂರನೇ ಸಲ ಕೇಳದೆಯೇ ತಂದಿಡ್ತಾರೆ. ನಮ್ಮ ಬದಿಯಡ್ಕದ ಅಂಗಡಿಯಲ್ಲಿ ಹಾಗೇ ಆದದ್ದು. ಈಗ ಸೊಸೆಯೊಬ್ಬಳೇ ಅಲ್ಲ, ಸಕ್ಕರೆ ಕಾಯಿಲೆಯವರೂ ಬಂದು ಕೇಳಿ ಒಯ್ತಾರೆ.

ಜೋಳದಲ್ಲಿ ಮಾಲ್ದಂಡಿ ಕೇಳಿ. ವಿಜಯಪುರ, ಸೊಲ್ಲಾಪುರ ಕಡೆ ಹಿಂಗಾರಿಯಲ್ಲಿ ಬೆಳೆಯುವ ಜೋಳ ಅದು, ಎಂ 35-1 ಅಂತಲೂ ಹೇಳ್ತಾರೆ. ಕಾಳು ದಪ್ಪ, ಮುತ್ತಿನ ಬಣ್ಣ. ಮಳೆಗೆ ಸಿಕ್ಕಿದ ಮುಂಗಾರಿ ಜೋಳಕ್ಕೆ ತುದಿಯಲ್ಲಿ ಕಪ್ಪು ಚುಕ್ಕಿ ಇರ್ತದೆ, ಅದರ ರೊಟ್ಟಿ ಬೂದು ಬಣ್ಣ, ರುಚಿಯೂ ಸಪ್ಪೆ. ಹಿಂಗಾರಿ ಕೊಯ್ಲು ಫೆಬ್ರವರಿ, ಮಾರ್ಚ್‌ಗೆ. ನೀವು ದೀಪಾವಳಿ ಹೊತ್ತಿಗೆ ತೆಗೆದುಕೊಳ್ಳುವುದು ಕಳೆದ ಕೊಯ್ಲಿನದ್ದು, ಅಂದರೆ ಒಂದು ಮಳೆಗಾಲ ಕಂಡ ಮಾಲು. ಹಾಗಾಗಿ ಚೀಲದ ಮೇಲಿನದ್ದು ನೋಡಿ ತೂಗಿಸಬೇಡಿ. ಅಡಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯಿರಿ. ಕೈಗೆ ಹಿಟ್ಟು ಅಂಟಿದರೆ ಒಳಗೆ ಹುಳ ಉಂಟು ಅಂತಲೇ ಲೆಕ್ಕ. ಒಂದು ಕಾಳು ಹಲ್ಲಿಗೆ ಕೊಡಿ, ‘ಕಟ್’ ಅಂತ ಒಡೆಯಬೇಕು. ಮೆತ್ತಗೆ ಸಿಕ್ಕಿದರೆ ಪಸೆ ಹಿಡಿದಿದೆ.

ಇನ್ನು ಮಿಲ್ಲು. ನಮ್ಮಲ್ಲಿ ಇದೇ ದೊಡ್ಡ ಕೆಲಸ. ಇಲ್ಲಿನ ಮಿಲ್ಲುಗಳಲ್ಲಿ ಬೀಸುವುದು ಹೆಚ್ಚಾಗಿ ಪುಟ್ಟು ಅನ್ನುವ ಹಬೆಯ ತಿಂಡಿಯ ಅಕ್ಕಿ, ಮೆಣಸು, ಕೊತ್ತಂಬರಿ, ಅರಸಿನ. ಮೆಣಸಿಗೆ ಬೇರೆ ಮೆಶಿನ್ ಇರುವ ಮಿಲ್ಲೇ ಆಗಬೇಕು, ಇಲ್ಲದಿದ್ದರೆ ರೊಟ್ಟಿ ಖಾರ. ಪುಟ್ಟಿನ ಅಕ್ಕಿ ನೆನೆಸಿ ತಂದು ಬೀಸಿಸ್ತಾರಲ್ಲ, ಅದರ ಬೆನ್ನಿಗೆ ನಮ್ಮ ಜೋಳ ಹಾಕಿದರೆ ಮೆಶಿನಿನ ಪಸೆ ಹಿಟ್ಟಿಗೆ ಹಿಡಿದು ಬೇಗ ಹಾಳಾಗ್ತದೆ. ಗೋಧಿ ಬೀಸಿದ ನಂತರ ಹಾಕಿ ಅಂತ ಹೇಳಿ, ಸ್ವಲ್ಪ ಹೊತ್ತು ಕಾಯಬೇಕಾದರೂ ಪರವಾಗಿಲ್ಲ. ಪುಟ್ಟಿಗೆ ತರಿ ಮಾಡಿ ಅಭ್ಯಾಸ ಆದವರಿಗೆ ‘ನೈಸ್ ಬೇಕು’ ಅಂತ ಮೊದಲೇ ಹೇಳಬೇಕು. ಹಿಟ್ಟು ಬೀಳ್ತಾ ಇರುವಾಗ ಒಂದು ಚಿಟಿಕೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ. ತರಿ ತಾಗಿದರೆ ಅಲ್ಲೇ ನಿಲ್ಲಿಸಿ ಬಿಗಿ ಮಾಡಿಸಿ, ಮನೆಗೆ ತಂದ ಮೇಲೆ ಜರಡಿ ಹಿಡಿದು ಪ್ರಯೋಜನ ಇಲ್ಲ. ಬಿಸಿ ಬಿಸಿ ಹಿಟ್ಟನ್ನು ಡಬ್ಬಕ್ಕೆ ತುಂಬಿಸಿ ಮುಚ್ಚಬಾರದು, ಬಟ್ಟೆಯ ಮೇಲೆ ಹರಡಿ ಆರಿದ ಮೇಲೆ ತುಂಬಿಸಿ. ಹದಿನೈದು ದಿನಕ್ಕೆ ಎಷ್ಟು ಬೇಕೋ ಅಷ್ಟೇ ಬೀಸಿಸಿ.

ಕುಂಬಳೆಯಿಂದ:

ನಮ್ಮದು ಸಣ್ಣ ಜೀನಸಿನ ಅಂಗಡಿ, ತಂದೆಯವರ ಕಾಲದ್ದು. ಬದಿಯಡ್ಕದ ಅಕ್ಕ ಹೇಳಿದ್ದಕ್ಕೆ ಅಂಗಡಿಯವನ ಕಡೆಯಿಂದ ಒಂದು ಮಾತು ಸೇರಿಸ್ತೇನೆ. ಜೋಳ ಇಡಲು ನಮಗೆ ಮನಸ್ಸಿಲ್ಲದೆ ಅಲ್ಲ. ಮೂಟೆ ಒಡೆದ ಮೇಲೆ ಎರಡೇ ಗಿರಾಕಿ ಬಂದರೆ ಉಳಿದದ್ದು ಜೂನ್ ತಿಂಗಳ ಮಳೆಗೆ ಹುಳ ಬೀಳ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು, ಒಣ ಸಾಮಾನು ಕಾಯುವುದು ಸುಲಭ ಅಲ್ಲ. ಅದಕ್ಕೆ ನಿಮ್ಮ ಕಡೆಯವರು ಯಾರೆಲ್ಲ ಇದ್ದಾರೆ ನೋಡಿ. ಬ್ಯಾಂಕಿನವರು, ಕಟ್ಟಡ ಕೆಲಸಕ್ಕೆ ಬಂದವರು, ನಿಮ್ಮ ವಿಶ್ವವಿದ್ಯಾಲಯದಲ್ಲೇ ಕಲಿಯುವ ಮಕ್ಕಳು. ಮೂರು ನಾಲ್ಕು ಮನೆ ಸೇರಿ ಒಂದು ಮೂಟೆ ಹೇಳಿದರೆ ಯಾವ ಅಂಗಡಿಯವನೂ ಇಲ್ಲ ಅನ್ನುವುದಿಲ್ಲ, ಕ್ರಯವೂ ಕಡಿಮೆ ಬೀಳ್ತದೆ.

ಬ್ಯಾಡಗಿ ಮೆಣಸಿಗೆ ಏನೂ ತೊಂದರೆ ಇಲ್ಲ. ಕಾಸರಗೋಡಿನಿಂದ ತಲಪಾಡಿವರೆಗೆ ಎಲ್ಲ ಅಂಗಡಿಯಲ್ಲೂ ಉಂಟು, ನಮ್ಮ ಕೋಳಿ ಪದಾರ್ಥ, ಗಸಿ, ಸಾಂಬಾರು ಎಲ್ಲದಕ್ಕೂ ಅದೇ ಬೇಕಲ್ಲ. ಚಂದ್ರಗಿರಿ ಹೊಳೆ ದಾಟಿ ನಿಮ್ಮ ಕಾಞಂಗಾಡು ಕಡೆ ಹೋದರೆ ‘ಪಿರಿಯನ್ ಮುಳಗು’ ಅಂತ ಕೇಳಿ, ಸುಕ್ಕಿನ ಮೆಣಸು ಅಂತ ಅವರಿಗೆ ಗೊತ್ತಾಗ್ತದೆ. ಬರೀ ‘ಮುಳಗು’ ಅಂದರೆ ಗುಂಟೂರು ಜಾತಿಯ ಖಾರದ ಮೆಣಸು ಕೊಟ್ಟಾರು. ನೋಡುವುದು ಹೇಗೆ: ಉದ್ದ, ಸಪೂರ, ಮೈಯೆಲ್ಲ ಸುಕ್ಕು ಇದ್ದರೆ ಕಡ್ಡಿ, ಗಿಡ್ಡ, ಸ್ವಲ್ಪ ಉಬ್ಬಿದ್ದರೆ ಡಬ್ಬಿ. ಎರಡೂ ಬ್ಯಾಡಗಿಯೇ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೆಣಸು. ಮೈ ನುಣುಪಾಗಿ ಹೊಳೆಯುವುದು ಬೇರೆ ತಳಿ. ತೊಟ್ಟು ಮುರಿದು ಅಲುಗಿಸಿ ನೋಡಿ, ಬೀಜ ಹಳದಿಯಾಗಿ ಉದುರಬೇಕು. ಒಳಗೆ ಬೂದು ಬಣ್ಣದ ಬೂಸ್ಟು ಕಂಡರೆ ಆ ಚೀಲವೇ ಬೇಡ.

ಹೊಸ ಮೆಣಸು ಬ್ಯಾಡಗಿ ಮಾರುಕಟ್ಟೆಗೆ ಬರುವುದು ಜನವರಿ ನಂತರ. ಆಗ ತೆಗೆದು ಏಪ್ರಿಲ್ ಬಿಸಿಲಿಗೆ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ಮಳೆಗಾಲ ದಾಟ್ತದೆ. ಈಗ ದೀಪಾವಳಿಗೆ ತೆಗೆದುಕೊಳ್ಳುವುದಾದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಮಾಲು ಕೇಳಿ, ಬಣ್ಣ ಕೆಟ್ಟಿರುವುದಿಲ್ಲ.

ಪುಡಿ ಬಿಡಿಯಾಗಿ ತೆಗೆದುಕೊಳ್ಳುವುದು ನನಗೆ ಇಷ್ಟ ಇಲ್ಲ, ನಾನೇ ಮಾರುವವನಾದರೂ ಹೇಳ್ತೇನೆ. ತೆಗೆದುಕೊಂಡಿದ್ದರೆ ಒಂದು ಗ್ಲಾಸು ನೀರಿನ ಮೇಲೆ ಚಿಟಿಕೆ ಉದುರಿಸಿ. ಕೆಂಪು ಬಣ್ಣ ಗೆರೆ ಗೆರೆಯಾಗಿ ಕೂಡಲೇ ಕೆಳಗೆ ಇಳಿದರೆ ಅದು ಬೆರೆಸಿದ ಬಣ್ಣ.

ಉಪ್ಪಳದಿಂದ:

ಅಗಸೆ ಈಗ ಎಲ್ಲ ಸೂಪರ್ ಮಾರ್ಕೆಟಿನಲ್ಲೂ ‘ಫ್ಲ್ಯಾಕ್ಸ್ ಸೀಡ್’ ಹೆಸರಲ್ಲಿ ಸಿಗ್ತದೆ, ಡ್ರೈಫ್ರೂಟ್ಸ್ ಇಟ್ಟ ಕಡೆ ನೋಡಿ. ಅದಕ್ಕಿಂತ ಕಡಿಮೆಗೆ ಗ್ರಂಥಿಗೆ ಅಂಗಡಿಯಲ್ಲಿ. ನಿಮ್ಮ ಕಡೆ ಅದಕ್ಕೆ ‘ಅಂಙಾಡಿ ಮರುನ್ನು ಕಡ’ ಅನ್ನುವುದು, ಬೇರು ನಾರು ಮಾರುವ ಅಂಗಡಿ. ಮಸಾಲೆ ಖಾರಕ್ಕೆ ಬೇಕಾಗುವ ಕಲ್ಲುಹೂ, ಮರಾಟಿ ಮೊಗ್ಗು ಇವನ್ನೂ ಅಲ್ಲೇ ಕೇಳಿ, ಬೇರೆ ಕಡೆ ಸಿಗುವುದು ಕಷ್ಟ.

ಜೀರಿಗೆ ತೆಗೆದುಕೊಳ್ಳುವಾಗ ಜಾಗ್ರತೆ. ‘ನಲ್ಲ ಜೀರಗಂ’ ಅಂದರೆ ನಮ್ಮ ಜೀರಿಗೆ. ‘ಪೆರುಂಜೀರಗಂ’ ಅಂದರೆ ಸೋಂಪು. ಪೊಟ್ಟಣ ಕಟ್ಟಿದ ಮೇಲೆ ಗೊತ್ತಾಗುವುದಿಲ್ಲ, ಕಟ್ಟುವ ಮೊದಲು ಮೂಸಿ ನೋಡಿ. ಜೋಳಕ್ಕೆ ‘ಮಣಿಚೋಳಂ’ ಅನ್ನಿ, ಬರೀ ‘ಚೋಳಂ’ ಅಂದರೆ ಮೆಕ್ಕೆಜೋಳ ತೂಗ್ತಾರೆ. ಶೇಂಗಾಕ್ಕೆ ‘ನಿಲಕ್ಕಡಲ’, ಪುಟಾಣಿಗೆ ‘ಪೊಟ್ಟುಕಡಲ’. ಎಲ್ಲಕ್ಕಿಂತ ಸುಲಭ, ಮನೆಯಲ್ಲಿ ಇರುವ ಕಾಳನ್ನು ಒಂದೊಂದು ಚಿಟಿಕೆ ಸಣ್ಣ ಕವರಿಗೆ ಹಾಕಿ ಒಯ್ದು ತೋರಿಸಿ. ಅಂಗಡಿಯವರು ಹೆಸರು ಹೇಳಿಕೊಡ್ತಾರೆ, ನೀವು ಆ ಕವರಿನ ಮೇಲೇ ಬರೆದಿಟ್ಟುಕೊಳ್ಳಿ.

ಪೆರ್ಲದಿಂದ:

ಇಷ್ಟು ಓಡಾಟ ಯಾಕೆ? ಆನ್‌ಲೈನಿನಲ್ಲಿ ಜೋಳದ ಹಿಟ್ಟು, ಗುರೆಳ್ಳು ಚಟ್ನಿಪುಡಿ ಎಲ್ಲ ಮನೆ ಬಾಗಿಲಿಗೆ ಬರ್ತದೆ. ಮಕ್ಕಳನ್ನು ಕಟ್ಟಿಕೊಂಡು ಅಂಗಡಿ ಅಲೆಯುವವರಿಗೆ ಅದೇ ಅನುಕೂಲ.

ಬದಿಯಡ್ಕದಿಂದ:

ಅನುಕೂಲ ಹೌದು, ಇಲ್ಲ ಅನ್ನುವುದಿಲ್ಲ. ಕಾಳು ತರಿಸುವುದಾದರೆ ನನ್ನದೂ ಒಪ್ಪಿಗೆ. ಹಿಟ್ಟಿಗೆ ಮಾತ್ರ ಬೇಡ. ನೀವು ಆರ್ಡರ್ ಮಾಡುವಾಗ ಬೀಸಿದ ದಿನ ಯಾವುದು ಅಂತ ಕಾಣುವುದಿಲ್ಲ, ಪ್ಯಾಕೆಟ್ ಕೈಗೆ ಬಂದ ಮೇಲೆಯೇ ತಾರೀಕು ಓದುವುದು. ಆರು ತಿಂಗಳು ಬಾಳಿಕೆ ಅಂತ ಬರೆದಿದ್ದರೂ ಅದು ತಿನ್ನಲಿಕ್ಕೆ ಆದೀತು, ರೊಟ್ಟಿ ತಟ್ಟಲಿಕ್ಕೆ ಅಲ್ಲ. ವಯಸ್ಸಾದವರು ಹಲ್ಲಿಲ್ಲದ ಬಾಯಲ್ಲಿ ತಿನ್ನುವಾಗ ರೊಟ್ಟಿ ಮೆತ್ತಗೆ ಇರಬೇಕು, ಅದಕ್ಕೆ ಇಷ್ಟು ಒತ್ತಿ ಹೇಳುವುದು.

ಮಂಜೇಶ್ವರದಿಂದ:

ಗುರೆಳ್ಳಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಸಂಸಾರ ಇತ್ತು, ಅವರ ಜೊತೆ ನಾನೂ ಹುಡುಕಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ನಾವು ಕೇಳಿದ ಕಡೆ ಎಲ್ಲೂ ಸಿಗಲಿಲ್ಲ. ‘ಹುಚ್ಚೆಳ್ಳು’ ಅಂದರೂ ಕರಿ ಎಳ್ಳು ತೆಗೆದು ತೋರಿಸ್ತಾರೆ. ಇದೊಂದನ್ನು ಊರಿಂದಲೇ ತರಿಸಬೇಕು. ನಿಮ್ಮ ಅತ್ತೆಯವರು ಬರುವಾಗ ಕಟ್ಟಿಕೊಂಡು ಬರಲಿ, ಇಲ್ಲವೇ ಹುಬ್ಬಳ್ಳಿಯಿಂದ ಮಂಗಳೂರಿಗೆ ಬರುವ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿ. ಮಂಗಳೂರಿನಿಂದ ಕಾಞಂಗಾಡಿಗೆ ರೈಲು ಬೇಕಾದಷ್ಟು ಉಂಟು, ಯಾರಾದರೂ ಬರುವವರು ಸಿಗ್ತಾರೆ.

ಪುಡಿ ಮಾಡಿ ತರಿಸಬೇಡಿ. ಗುರೆಳ್ಳಿನಲ್ಲಿ ಎಣ್ಣೆ ಅಂಶ ಜಾಸ್ತಿ, ಈ ಸೆಕೆಗೆ ಪುಡಿ ಬೇಗ ಕನರು ವಾಸನೆ ಬರ್ತದೆ. ಕಾಳನ್ನೇ ತಂದು ಫ್ರಿಜ್ಜಿನಲ್ಲಿಟ್ಟು, ವಾರಕ್ಕೆ ಬೇಕಾದಷ್ಟು ಹುರಿದು ಕುಟ್ಟಿಕೊಳ್ಳಿ. ಮುಗಿದಾಗ ಕರಿ ಎಳ್ಳಿನಲ್ಲಿ ಅದೇ ಬೆಳ್ಳುಳ್ಳಿ, ಮೆಣಸಿನಪುಡಿ ಹಾಕಿ ಮಾಡಿದರೆ ಅದೇ ರುಚಿ ಬರ್ಲಿಕ್ಕಿಲ್ಲ, ರೊಟ್ಟಿಗಂತೂ ಒಳ್ಳೆ ಜೋಡಿ. ನಮ್ಮ ಮೇಲಿನ ಮನೆಯ ಅಜ್ಜಿಗೆ ಅದು ಸೇರ್ತಿತ್ತು.

ಕಾಞಂಗಾಡಿನಿಂದ, ಪ್ರಶ್ನೆ ಕೇಳಿದವರು:

ಎಲ್ಲಾರಿಗೂ ಭಾಳ ಭಾಳ ಧನ್ಯವಾದ್ರಿ. ಇಷ್ಟು ಮಂದಿ ಕುಂತು ಬರೀತೀರಿ ಅಂತ ಅನ್ಕೊಂಡಿರಲಿಲ್ಲ. ಕವರಿನಾಗ ಕಾಳು ಹಾಕ್ಕೊಂಡು ಹೋಗಿ ನಮ್ಮ ಓಣಿ ತುದಿಯ ಅಂಗಡಿಯವರಿಗೆ ತೋರಿಸಿದೆ. ಮಣಿಚೋಳಂ ಅಂದ ಕೂಡಲೆ ಅವರಿಗೆ ತಿಳೀತು. ಮುಂಗಡ ತಗೊಂಡು ಮುಂದಿನ ವಾರ ತರಿಸ್ತೀನಿ ಅಂದ್ರು. ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಾಗ ಕಲಬುರ್ಗಿಯವರೊಬ್ಬರು ಅದಾರ, ಅವರೂ ಐದು ಕಿಲೋ ಹೇಳ್ಯಾರ. ಬದಿಯಡ್ಕದ ಅಕ್ಕಾರ, ಸಜ್ಜಿ ಒಂದು ಉಳೀತು. ಎಳ್ಳಮಾಸಿ, ಸಂಕ್ರಾಂತಿಗೆ ಅತ್ತಿಯವರು ಸಜ್ಜಿ ರೊಟ್ಟಿ ಕೇಳೇ ಕೇಳ್ತಾರ.

ಬದಿಯಡ್ಕದಿಂದ:

ಸಜ್ಜೆಗೆ ‘ಕಂಬಂ’ ಅಂತ ಕೇಳಿ, ‘ಕಂಬು’ ಅಂದರೂ ಗೊತ್ತಾಗ್ತದೆ. ತಮಿಳುನಾಡಿನಿಂದ ಬರುವ ಮಾಲು, ಸಿರಿಧಾನ್ಯ ಇಡುವ ಅಂಗಡಿಗಳಲ್ಲಿ ಕಾಳೇ ಸಿಗ್ತದೆ. ಈಗಲೇ ತಂದಿಡಬೇಡಿ, ಡಿಸೆಂಬರಿನಲ್ಲಿ ನೋಡುವ. ಬೂದು ಹಸಿರು ಬಣ್ಣ ಇರುವ ಕಾಳು ಆರಿಸಿ, ಕಪ್ಪಗೆ ಆದದ್ದು ಬೇಡ. ಸಜ್ಜೆ ಹಿಟ್ಟು ಜೋಳದ್ದಕ್ಕಿಂತ ಬೇಗ ಕಹಿ ಆಗ್ತದೆ, ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಬೀಸಿಸಿದರೆ ಸಾಕು. ಮೇಲೆ ಹಚ್ಚುವ ಬಿಳಿ ಎಳ್ಳು ಎಲ್ಲ ಕಡೆಯೂ ಸಿಗ್ತದೆ.