ಟರ್ಬೊ ಎಂಜಿನ್ನಿನ ‘ಡಿಸ್‌ಪ್ಲೇಸ್‌ಮೆಂಟ್’ ಇಳಿಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಟರ್ಬೊ ಕಾರಿನ ಎಂಜಿನ್ ಡಿಸ್‌ಪ್ಲೇಸ್‌ಮೆಂಟನ್ನು ಕಡಿಮೆ ಖರ್ಚಿನಲ್ಲಿ ಇಳಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಎಂಜಿನ್ ಸ್ಥಾನಪಲ್ಲಟ ತಗ್ಗಿಸುವುದು’ ಎಂದಿದೆ. ಇದು ಒಪ್ಪುತ್ತದೆಯೇ? ‘ಗಾತ್ರ ಕುಗ್ಗಿಸು’, ‘ಎಂಜಿನ್ ಇಳಿಸು’ ಹೇಗೆ? ಸ್ಲೀವ್ (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಹಾಕುವುದು, ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) ಕಡಿಮೆ ಮಾಡುವುದು ಎರಡಕ್ಕೂ ಒಂದೇ ಮಾತು ಸಾಕೇ?

ಉತ್ತರ 1: ‘ಸ್ಥಾನಪಲ್ಲಟ’ ಬೇಡ. ಅದು ಭೌತಶಾಸ್ತ್ರದ ಪಾಠದ ಪದ. ವಸ್ತು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದದ್ದನ್ನು ಹೇಳುತ್ತದೆ. ಇಲ್ಲಿರುವುದು ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ಗುಡಿಸಿಕೊಂಡು ಹೋಗುವ ಜಾಗದ ಅಳತೆ. ‘ಎಂಜಿನ್ ಇಳಿಸು’ ಅಂದರೆ ಗ್ಯಾರೇಜಿನವರು ಬಾನೆಟ್ ತೆಗೆದು ಸರಪಳಿ ಕಟ್ಟಲು ಹೊರಡುತ್ತಾರೆ. ಜನರ ಬಾಯಲ್ಲಿರುವುದು ‘ಸಿಸಿ’, ಅಂದರೆ ಆ ಜಾಗದ ಘನ ಸೆಂಟಿಮೀಟರ್ ಲೆಕ್ಕ. ‘ಸಿಸಿ ಇಳಿಸು’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ.

‘ಗಾತ್ರ’ ಏಕೆ ಕೈಕೊಡುತ್ತದೆ ಎಂಬುದಕ್ಕೆ ಮಿತ್ಸುಬಿಷಿಯ ಉದಾಹರಣೆ ಸಾಕು. ಅವರ 4ಜಿ64 ಎಂಜಿನ್ನಿನ ಬ್ಲಾಕಿನಲ್ಲಿ (ಸಿಲಿಂಡರುಗಳಿರುವ ಮುಖ್ಯ ಭಾಗ) ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 86.5 ಮಿ.ಮೀ., ಸ್ಟ್ರೋಕ್ 100, ಒಟ್ಟು 2351 ಸಿಸಿ. ಇದರ ಮೇಲೆ ಅದೇ ಕಂಪನಿಯ ಎರಡು ಲೀಟರಿನ ಎಂಜಿನ್ 4ಜಿ63ರ ಹೆಡ್ (ಬ್ಲಾಕಿನ ಮೇಲೆ ಕೂರುವ ಭಾಗ) ಕೂರಿಸಿ ಟರ್ಬೊ ಹಾಕಿದ ಎಂಜಿನ್ನುಗಳು ಬಹಳ ಇವೆ. ಅದೇ ಬ್ಲಾಕಿಗೆ 4ಜಿ63ರ 88 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಹಾಕಿದರೆ 2068 ಸಿಸಿಗೆ ಬರುತ್ತದೆ. ಬ್ಲಾಕ್ ಮಾತ್ರ ಕೂದಲೆಳೆಯಷ್ಟೂ ಕುಗ್ಗದು. ಸಾದಾ ಎರಡು ಲೀಟರಿನ ಬ್ಲಾಕಿಗಿಂತ ಇದು ಈಗಲೂ 6 ಮಿ.ಮೀ. ಎತ್ತರ. ಗಾತ್ರ ಕುಗ್ಗಿತು ಎಂದು ಓದಿದವನು ಎಂಜಿನ್ ಬೇಯಲ್ಲಿ ಜಾಗ ಹುಡುಕುತ್ತಾನೆ.

ಆ 6 ಮಿ.ಮೀ.ನಲ್ಲೇ ಅಗ್ಗದ ದಾರಿ ಹಿಡಿದವರು ಎಡವುವುದು. ಲೆಕ್ಕ ಹೀಗಿದೆ: ಕ್ರ್ಯಾಂಕಿನ ನಡುವಿನಿಂದ ಅಳೆದ ಬ್ಲಾಕಿನ ಎತ್ತರ 235. ಹಳೆಯ ಜೋಡಣೆಯಲ್ಲಿ ಅರ್ಧ ಸ್ಟ್ರೋಕ್ 50, ಕ್ರ್ಯಾಂಕನ್ನು ಪಿಸ್ಟನ್ನಿಗೆ ಜೋಡಿಸುವ ರಾಡ್ 150, ಪಿಸ್ಟನ್ನಿನ ಪಿನ್ನಿನಿಂದ ಪಿಸ್ಟನ್ ತಲೆಯವರೆಗೆ 35. ಕ್ರ್ಯಾಂಕ್ ಬದಲಾದರೆ 50 ಇದ್ದದ್ದು 44 ಆಗುತ್ತದೆ. ಹಳೆ ರಾಡನ್ನೇ ಉಳಿಸಿಕೊಂಡರೆ ಪಿಸ್ಟನ್ ಮೇಲಕ್ಕೆ 6 ಮಿ.ಮೀ. ತಲುಪದೆ ನಿಲ್ಲುತ್ತದೆ. ಪ್ರತಿ ಸಿಲಿಂಡರಿನಲ್ಲಿ ಸುಮಾರು 35 ಸಿಸಿ ಹೆಚ್ಚುವರಿ ಖಾಲಿ ಜಾಗ ಉಳಿದು, 8.5 ಇರಬೇಕಾದ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 6ರ ಆಸುಪಾಸಿಗೆ ಬೀಳುತ್ತದೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಬರುವವರೆಗೆ ಆ ಕಾರು ಎಳೆಯುವುದೇ ಇಲ್ಲ. ಹಾಗಾಗಿ 156 ಮಿ.ಮೀ. ರಾಡ್ ಬೇಕೇ ಬೇಕು. ಕ್ರ್ಯಾಂಕ್ ಗುಜರಿಯಲ್ಲಿ ಸಿಕ್ಕೀತು, ದುಡ್ಡು ಹೋಗುವುದು ರಾಡಿಗೆ. ಕೈಪಿಡಿಯವರು ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಲಿ.

ಗುಜರಿ ಕ್ರ್ಯಾಂಕ್ ಕೂರಿಸಿದ ಮೇಲೆ ಉದ್ದಕ್ಕೆ ಎಷ್ಟು ಸರಿದಾಡುತ್ತದೆ ಎಂದು ಡಯಲ್ ಗೇಜಿಟ್ಟು ನೋಡಬೇಕು. 0.05ರಿಂದ 0.18 ಮಿ.ಮೀ. ಸರಿ, 0.25 ದಾಟಿದರೆ ಈ ಸರಿದಾಟ ತಡೆಯುವ ಥ್ರಸ್ಟ್ ಬೇರಿಂಗ್ ಹೋದಂತೆ. ಇದಕ್ಕೆ ‘ಆಟ’ ಎಂಬ ಒಳ್ಳೆಯ ಪದ ಗ್ಯಾರೇಜಿನಲ್ಲೇ ಇದೆ: ‘ಕ್ರ್ಯಾಂಕ್ ಆಟ ಜಾಸ್ತಿ ಇದೆ’. ಕರಡಿನ ‘ಅಕ್ಷೀಯ ಸಡಿಲತೆ’ಗಿಂತ ಸಾವಿರ ಪಾಲು ಮೇಲು.

ಈಗ ಕ್ರಿಯಾಪದ. ‘ಬೋರ್’ ಜೊತೆ ಜೋಪಾನ. ಬೋರ್ ಕೊರೆಸಿದರೆ ಕೊಳವೆಬಾವಿ, ಬೋರ್ ಹೊಡೆದರೆ ಬೇಸರ, ಬೋರ್ ಮಾಡಿಸಿದರೆ ಎಂಜಿನ್. ಆದರೆ ಆ ‘ಮಾಡಿಸು’ ಅಂದರೆ ಯಾವಾಗಲೂ ದೊಡ್ಡದು ಮಾಡಿಸುವುದೇ. ‘ಸ್ಲೀವ್ ಹಾಕಿಸು’ ಅಂದರೆ ಸವೆದ ಸಿಲಿಂಡರನ್ನು ಮೊದಲಿನ ಅಳತೆಗೆ ತರುವುದು, ಅದಕ್ಕಿಂತ ಕಿರಿದಾಗಿಸುವುದಲ್ಲ. ಅದಕ್ಕೆ ‘ಸ್ಲೀವ್ ಹಾಕಿ ಬೋರ್ ಕಿರಿದು ಮಾಡು’ ಎಂದು ಪೂರ್ತಿ ಬರೆಯಬೇಕು. ಟರ್ಬೊಗೆ ಈ ದಾರಿ ನನಗೆ ರುಚಿಸದು. ಬಿಗಿ ಸಾಲದ ಸ್ಲೀವ್ ಬಿಸಿಯಲ್ಲಿ ಸರಿಯುತ್ತದೆ, ಎರಡು ಲೋಹಗಳ ನಡುವೆ ಶಾಖ ದಾಟದೆ ಪಿಸ್ಟನ್ ಕಚ್ಚುತ್ತದೆ. ಹೊಸ ಅಳತೆಯ ಪಿಸ್ಟನ್, ರಿಂಗ್, ಹೆಡ್ ಗ್ಯಾಸ್ಕೆಟ್ ಎಲ್ಲಕ್ಕೂ ಬೇರೆ ದುಡ್ಡು. ಕ್ರ್ಯಾಂಕ್ ದಾರಿಗೆ ‘ಸ್ಟ್ರೋಕ್ ತಗ್ಗಿಸು’ ಸಾಕು. ಎರಡನ್ನೂ ಒಳಗೊಳ್ಳುವ ಮೇಲುಪದ ‘ಸಿಸಿ ಇಳಿಸು’.

ಉತ್ತರ 2: ಒಪ್ಪಿದೆ. ಒಂದು ಸೇರ್ಪಡೆ: ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಇಸಿಯುನಲ್ಲಿ (ಎಂಜಿನ್ ನಡೆಸುವ ಕಂಪ್ಯೂಟರ್) ಸಿಸಿ ತುಂಬುವ ಒಂದು ಖಾನೆ ಇರುತ್ತದೆ. ಅಲ್ಲಿ 2351 ಹಾಗೇ ಉಳಿದರೆ ಸುಮಾರು ಶೇ 14ರಷ್ಟು ಪೆಟ್ರೋಲ್ ಹೆಚ್ಚು ಬೀಳುತ್ತದೆ. ಆ ಖಾನೆಯ ಕನ್ನಡ ಹೆಸರೂ ‘ಸಿಸಿ’ ಆಗಿದ್ದರೆ ಓದುಗ ತಪ್ಪುವುದಿಲ್ಲ.

‘ಇದ್ದ ಸಿಸಿ ಯಾಕೆ ಇಳಿಸಬೇಕು’ ಎಂದು ಕೇಳುವವರಿಗೆ ಎರಡು ಉತ್ತರ. ಒಂದು, 8000 ಆರ್‌ಪಿಎಂನಲ್ಲಿ 100 ಮಿ.ಮೀ. ಸ್ಟ್ರೋಕಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 26.7 ಮೀಟರ್ ಓಡುತ್ತದೆ, 88ರದ್ದು 23.5. ವೇಗ ಕಡಿಮೆಯಾದಷ್ಟೂ ಪಿಸ್ಟನ್, ರಾಡಿನ ಮೇಲೆ ಎಳೆತ ಕಡಿಮೆ. ಇನ್ನೊಂದು, ರೇಸಿನ ನಿಯಮ. 1980ರ ದಶಕದ ಗ್ರೂಪ್ ಬಿ ಎಂಬ ರ‍್ಯಾಲಿ ಕಾರುಗಳ ವಿಭಾಗದಲ್ಲಿ, ಯಾವ ವರ್ಗಕ್ಕೆ ಸೇರಿಸಬೇಕೆಂದು ನೋಡಲು ಟರ್ಬೊ ಎಂಜಿನ್ನಿನ ಸಿಸಿಯನ್ನು 1.4ರಿಂದ ಗುಣಿಸುತ್ತಿದ್ದರು. ಪೂಜೋ 205 ಟಿ16ರ 1775 ಹೀಗೆ 2485 ಆಗಿ 2500ರ ಗೆರೆಯೊಳಗೆ ಕೂತಿತು. ಅಲ್ಲಿ ‘ಗುಣಿಸಿದ ಸಿಸಿ’, ‘ನಿಜ ಸಿಸಿ’ ಎಂದು ಬೇರ್ಪಡಿಸಿ ಬರೆಯಬೇಕಾಗುತ್ತದೆ.

ನಮ್ಮಲ್ಲಿ ಆರ್‌ಸಿಯಲ್ಲೂ ಸಿಸಿ ನಮೂದಾಗಿರುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಆದ್ದರಿಂದ ಕೈಪಿಡಿಯ ಮೊದಲ ಪುಟದಲ್ಲೇ ‘ಟ್ರ್ಯಾಕ್ ಕಾರಿಗೆ ಮಾತ್ರ’ ಎಂದಿರಲಿ.